ಗಡ್ಡೆಯ ಗಾತ್ರ ನೋಡಿ ಕೈಚೆಲ್ಲಬೇಡಿ

ಎದೆಯೊಳಗಿನ ಗಡ್ಡೆ ತೀರಾ ದೊಡ್ಡದಾದ ಮೇಲೆ ಆಪರೇಷನ್ ವ್ಯರ್ಥ, ಕತ್ತರಿ ತಾಗಿದರೆ ಅದು ಮೈಯೆಲ್ಲ ಹರಡುತ್ತದೆ ಎಂದು ಕಳೆದ ಸಂಚಿಕೆಯ ಲೇಖನ ಹೇಳಿದೆ. ಇದನ್ನು ನಂಬಿ ಯಾರಾದರೂ ಚಿಕಿತ್ಸೆ ಬಿಟ್ಟು ಊರಿಗೆ ಹೊರಟರೆ ಹೊಣೆ ಯಾರು?

ಗಡ್ಡೆ ಯಾವ ಬಗೆಯದು ಎಂಬುದು ಮೊದಲ ಪ್ರಶ್ನೆ; ಎಷ್ಟು ದೊಡ್ಡದು ಎಂಬುದು ಆಮೇಲಿನದು. ಶ್ವಾಸಕೋಶದ ಹೊದಿಕೆಯಾದ ಪ್ಲೂರಾದಲ್ಲಿ ಹುಟ್ಟುವ ಸಾಲಿಟರಿ ಫೈಬ್ರಸ್ ಟ್ಯೂಮರ್ ಎದೆಯ ಒಂದು ಪಕ್ಕವನ್ನೇ ತುಂಬಿಕೊಂಡಿದ್ದರೂ ಎಷ್ಟೋ ಸಲ ಸಣ್ಣದೊಂದು ತೊಟ್ಟಿನಿಂದ ಜೋತಿರುತ್ತದೆ. ಪೂರ್ತಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲೂ ಇರುವ ಮೆಚ್ಯೂರ್ ಟೆರಟೋಮಾಕ್ಕೆ ಕೀಮೋ ನಾಟುವುದಿಲ್ಲ, ಆಪರೇಷನ್ನೇ ಮದ್ದು. ದುಗ್ಧಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾ ಇದ್ದರೆ ತುಣುಕು ತೆಗೆದು ಪರೀಕ್ಷಿಸಿ ಔಷಧಿ ಶುರು, ಗಡ್ಡೆ ತೆಗೆಯುವ ಮಾತೇ ಸಾಮಾನ್ಯವಾಗಿ ಬರುವುದಿಲ್ಲ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಹರಡುವ ಭಯದಲ್ಲಿ ಒಂದೆಳೆ ನಿಜವಿದೆ. ಥೈಮಸ್ ಗ್ರಂಥಿಯ ಗಡ್ಡೆಯಾದ ಥೈಮೋಮಾದ ಕವಚ ಒಡೆದರೆ ಕಣಗಳು ಪ್ಲೂರಾದಲ್ಲಿ ಬೇರೂರಬಹುದು. ಅದಕ್ಕೇ ದೊಡ್ಡ ಗಡ್ಡೆಯಿದ್ದಾಗ ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಇಡಿಯಾಗಿ ಹೊರತೆಗೆಯುತ್ತಾರೆ.

ನಿಜವಾದ ಅಪಾಯದ ಸುದ್ದಿಯೇ ಲೇಖನದಲ್ಲಿಲ್ಲ. ಎದೆಯ ಮುಂಭಾಗದಲ್ಲಿ ದೊಡ್ಡ ಗಡ್ಡೆಯಿದ್ದವರಿಗೆ ಅರಿವಳಿಕೆ ಕೊಟ್ಟು ಸ್ನಾಯುಗಳು ಸಡಿಲವಾದೊಡನೆ ಅದರ ಭಾರ ಶ್ವಾಸನಾಳವನ್ನು ಅದುಮಿಬಿಡಬಹುದು. “ಅಂಗಾತ ಮಲಗಿದರೆ ಉಸಿರು ಕಟ್ಟುತ್ತಾ?” ಎಂದು ಅರಿವಳಿಕೆ ವೈದ್ಯರು ಮೊದಲೇ ಕೇಳುವುದು ಈ ಕಾರಣಕ್ಕೆ. ಇಂಥ ಆಪರೇಷನ್ನನ್ನು ಅನುಭವಿ ತಂಡವಿಲ್ಲದ ಕಡೆ ಮಾಡಿಸಬೇಡಿ ಎಂದು ಲೇಖಕರು ಎಚ್ಚರಿಸಿದ್ದರೆ ಎರಡು ಮಾತಿಲ್ಲದೆ ಒಪ್ಪುತ್ತಿದ್ದೆ.