ಕಂದು ನೀರಿಗೆ ಬ್ಲೀಚಿಂಗ್ ಪೌಡರ್ ಮದ್ದಲ್ಲ

ಮುಂಗಾರು ಹಿಡಿಯಿತೆಂದರೆ ಮಲೆನಾಡಿನ ಹಳ್ಳದ ನೀರು ಕುಡಿಯುವ ಊರುಗಳಿಂದ ನಮ್ಮ ಪ್ರಯೋಗಾಲಯಕ್ಕೆ ಬಾಟಲಿಗಳು ಬರತೊಡಗುತ್ತವೆ. ‘ಎಷ್ಟು ಸೋಸಿದ್ರೂ ಬಣ್ಣ ಹೋಗ್ತಿಲ್ಲ ಸಾರ್’ ಎನ್ನುತ್ತಾರೆ ನೀರುಗಂಟಿಗಳು. ಬಟ್ಟೆಯಲ್ಲಿ ಸೋಸಿದರೆ ಹೋಗುವುದೂ ಇಲ್ಲ. ಅದು ಕೆಸರಲ್ಲ, ಕರಗಿದ ಬಣ್ಣ. ತರಗೆಲೆ, ತೊಗಟೆ ಕೊಳೆತು ಹುಟ್ಟುವ ಹ್ಯೂಮಿಕ್, ಫಲ್ವಿಕ್ ಆಮ್ಲಗಳು, ಜೊತೆಗೆ ಒಂದಿಷ್ಟು ಟ್ಯಾನಿನ್. ಅಡಿಕೆ ಚೊಗರಿಗೆ ಕೊಡಗಟ್ಟಲೆ ನೀರು ಬೆರೆಸಿದ ಹಾಗೆ. 0.45 ಮೈಕ್ರಾನಿನ ಸೋಸುಪೊರೆ ದಾಟಿಸಿದ ಮೇಲೂ ಉಳಿಯುವ ಬಣ್ಣವನ್ನೇ ನಾವು ಹೇಜನ್ ಮಾನದಲ್ಲಿ ಅಳೆಯುವುದು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 5. ಬೇರೆ ಮೂಲವೇ ಇಲ್ಲದಿದ್ದರೆ 15.

ಬಣ್ಣವೊಂದರಿಂದಲೇ ಯಾರೂ ಕಾಯಿಲೆ ಬೀಳುವುದಿಲ್ಲ. ನನ್ನ ತಕರಾರು ಆಮೇಲೆ ನಡೆಯುವುದರ ಬಗ್ಗೆ. ದೂರು ಬಂದೊಡನೆ ಟ್ಯಾಂಕಿಗೆ ಇನ್ನಷ್ಟು ಬ್ಲೀಚಿಂಗ್ ಪೌಡರ್ ಬೀಳುತ್ತದೆ. ನೀರು ತಿಳಿಯಾಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಕ್ಲೋರಿನ್ ಆ ಅಣುಗಳನ್ನು ತೆಗೆದುಹಾಕಿರುವುದಿಲ್ಲ, ಬಣ್ಣ ಕೊಡುವ ಭಾಗವನ್ನು ಮುರಿದಿರುತ್ತದೆ ಅಷ್ಟೆ. ಮುರಿದ ತುಂಡುಗಳ ಜೊತೆ ಸೇರಿ ಕ್ಲೋರೋಫಾರ್ಮ್‌ನಂಥ ಟ್ರೈಹಾಲೋಮೀಥೇನ್‌ಗಳಾಗುತ್ತದೆ. ರಾಟರ್‌ಡ್ಯಾಮಿನ ಯೊಹಾನೆಸ್ ರೂಕ್ 1974ರಲ್ಲೇ ಇದನ್ನು ಪ್ರಕಟಿಸಿದರು. ಕ್ಯಾನ್ಸರಿನ ಗುಮಾನಿ ಇರುವುದರಿಂದಲೇ ನಮ್ಮ ಮಾನಕ ಕ್ಲೋರೋಫಾರ್ಮನ್ನು ಲೀಟರಿಗೆ 0.2 ಮಿಲಿಗ್ರಾಂಗೆ ಕಟ್ಟಿಹಾಕಿದೆ. ಇನ್ನೊಂದು ಪೇಚೂ ಇದೆ: ಕ್ಲೋರಿನ್ನನ್ನೆಲ್ಲ ಬಣ್ಣವೇ ತಿಂದುಹಾಕಿದರೆ ಕೊನೆಯ ನಲ್ಲಿಯ ಹೊತ್ತಿಗೆ ರೋಗಾಣು ಕೊಲ್ಲಲು ಏನೂ ಉಳಿದಿರುವುದಿಲ್ಲ.

ಹಾಗಂತ ಕ್ಲೋರಿನ್ ನಿಲ್ಲಿಸಿಬಿಟ್ಟೀರಿ! ಕ್ಯಾನ್ಸರಿನದು ವರ್ಷಗಳ ಮಾತು, ವಾಂತಿಭೇದಿ ನಾಳೆಯೇ ಬಂದೀತು. ಬದಲಾಗಬೇಕಾದದ್ದು ಸರದಿ. ಮೊದಲು ಆಲಂ, ಆಮೇಲೆ ಮರಳಿನ ಫಿಲ್ಟರು, ಕ್ಲೋರಿನ್ ಕಟ್ಟಕಡೆಗೆ.

ಆಲಂನ ಕೆಲಸ ಸೂಕ್ಷ್ಮದ್ದು. ಸಾಲಾಗಿಟ್ಟ ಆರು ಬೀಕರುಗಳಿಗೆ ಬೇರೆಬೇರೆ ಪ್ರಮಾಣದಲ್ಲಿ ಹಾಕಿ ತಿರುಗಿಸಿ ನೋಡುತ್ತೇವೆ. ಕೆಲವು ಬೀಕರುಗಳಲ್ಲಿ ಏನೂ ಆಗದು. ಒಂದೆರಡರಲ್ಲಿ ಮಾತ್ರ, ಪಿಎಚ್ 6ರ ಆಸುಪಾಸಿಗೆ ಬಂದಾಗ, ಕಂದು ಚೂರುಗಳು ಕಟ್ಟಿಕೊಂಡು ತಳಕ್ಕಿಳಿಯುತ್ತವೆ. ಮಳೆನೀರಿನ ಹಳ್ಳಗಳಲ್ಲಿ ಕ್ಷಾರತೆ ಕಡಿಮೆ. ಆಲಂ ತುಸು ಹೆಚ್ಚಾದರೂ ಪಿಎಚ್ ಕುಸಿಯುತ್ತದೆ. ಅದನ್ನು ಎತ್ತಲು ಆತುರಪಟ್ಟು ಸುಣ್ಣ ಸುರಿದರೆ ಬಣ್ಣ ಇನ್ನೂ ಗಾಢವಾಗುತ್ತದೆ.

ಎಷ್ಟೋ ಊರುಗಳಲ್ಲಿ ಇರುವುದು ಒಂದು ಟ್ಯಾಂಕು, ಒಂದು ಚೀಲ ಪೌಡರು. ಹಳ್ಳದ ನೀರು ಎತ್ತುವ ಯೋಜನೆಗೆ ಮಂಜೂರಾತಿ ಕೊಡುವಾಗ ಆಲಂ ಬೆರೆಸುವ ತೊಟ್ಟಿ, ಫಿಲ್ಟರುಗಳನ್ನು ಖರ್ಚುಳಿಸಲು ಕೈಬಿಡಬಾರದು. ಬೀಕರ್ ಪರೀಕ್ಷೆಯೂ ಮಳೆ ಶುರುವಾದ ಮೇಲೆ ಮತ್ತೆ ನಡೆಯಬೇಕು. ಮಾರ್ಚಿನ ನೀರಿಗೆ ಗೊತ್ತುಮಾಡಿದ ಪ್ರಮಾಣ ಜುಲೈನ ನೀರಿಗೆ ಸಾಲದು.