ಪಕ್ಕದಲ್ಲಿ ಕೂತರೆ ನಂಟೇ?

ಪ್ರೇರಿ ವೋಲ್ ಅಮೆರಿಕದ ಹುಲ್ಲುಗಾವಲಿನ ಪುಟ್ಟ ದಂಶಕ. ನೋಡಲು ಮೋಟು ಬಾಲದ ಇಲಿಯಂತೆ. ಜೋಡಿಯಾದ ಗಂಡು ಹೆಣ್ಣು ಸಾಮಾನ್ಯವಾಗಿ ಒಂದೇ ಗೂಡಿನಲ್ಲಿದ್ದು ಮರಿಗಳನ್ನು ಸೇರಿಯೇ ಸಾಕುತ್ತವೆ. ಸಸ್ತನಿಗಳಲ್ಲಿ ಇದು ಅಪರೂಪ. ಹಾಗಾಗಿ ಮಿದುಳಿನಲ್ಲಿ ನಂಟಿನ ಬೇರು ಹುಡುಕಲು ಹೊರಟವರು ಇದರ ಬೆನ್ನು ಹತ್ತಿದರು. ಆದರೆ ನಂಟನ್ನು ತಕ್ಕಡಿಯಲ್ಲಿ ತೂಗಲಾಗದು. ಅದರ ಬದಲು ಇನ್ನೇನನ್ನೋ ಅಳೆಯಬೇಕು. ಆ ಇನ್ನೇನನ್ನೋ ಆರಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬಹುದೇ?

1990ರ ದಶಕದ ಆರಂಭದಲ್ಲಿ ವಿಜ್ಞಾನಿ ಸೂ ಕಾರ್ಟರ್ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಒಂದಕ್ಕೊಂದು ಕೂಡಿಸಿದ ಮೂರು ಕೋಣೆಗಳು. ಒಂದರಲ್ಲಿ ಸಂಗಾತಿ, ಇನ್ನೊಂದರಲ್ಲಿ ಅಪರಿಚಿತ. ಎರಡಕ್ಕೂ ಕೊರಳಪಟ್ಟಿ ಹಾಕಿ ಕಟ್ಟಿರುತ್ತಾರೆ. ಮೂರನೆಯ ಕೋಣೆ ಖಾಲಿ. ಪರೀಕ್ಷೆಗೆ ಒಡ್ಡಿದ ವೋಲ್ ಮಾತ್ರ ಮೂರು ಗಂಟೆ ಎಲ್ಲಿಗೆ ಬೇಕಾದರೂ ಹೋಗಬಹುದು. ಅದು ಯಾರ ಮೈಗೆ ಮೈ ಒತ್ತಿ, ಮುದುರಿಕೊಂಡು ಎಷ್ಟು ಹೊತ್ತು ಕೂತಿತು ಎಂಬುದೇ ಅಳತೆ. ಹಿಂದೆ ಯಾರಾದರೊಬ್ಬರು ವಿಡಿಯೊ ನೋಡುತ್ತಾ ಇದನ್ನು ಗುರುತು ಹಾಕಿಕೊಳ್ಳಬೇಕಿತ್ತು. ಕಣ್ಣು ಸೋಲುವ ಕೆಲಸ. ಒಬ್ಬರ ಎಣಿಕೆ ಇನ್ನೊಬ್ಬರದಕ್ಕೆ ತಾಳೆಯಾಗದ ಕೆಲಸವೂ ಹೌದು.

ಈಗ ಕ್ಯಾಮೆರಾದ ಹಿಂದೆ ತಂತ್ರಾಂಶ ಕೂತಿದೆ. 2018ರಲ್ಲಿ ಬಂದ ಡೀಪ್‌ಲ್ಯಾಬ್‌ಕಟ್‌ನಂಥದ್ದು ಪ್ರಾಣಿಯ ಮೂಗು, ಕಿವಿ, ಬಾಲದ ಬುಡವನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಹಿಂಬಾಲಿಸುತ್ತದೆ. ಅದಕ್ಕೆ ಆಕಳಿಕೆ ಬರುವುದಿಲ್ಲ. ಆದರೂ ತೊಡಕು ಉಳಿದೇ ಇದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎರಡು ಸ್ವಯಂಚಾಲಿತ ಅಳತೆಗಳನ್ನು ಮನುಷ್ಯರ ಎಣಿಕೆಯೊಂದಿಗೆ ಹೋಲಿಸಿ ನೋಡಿತು: ಒಂದು, ಬರಿಯ ಹತ್ತಿರವಿದ್ದ ಹೊತ್ತು; ಇನ್ನೊಂದು, ಅಲುಗಾಡದೆ ತಾಗಿಕೊಂಡಿದ್ದ ಹೊತ್ತು. ಕಣ್ಣಿಗೆ ಕಂಡದ್ದಕ್ಕೆ ಹೆಚ್ಚು ಹೊಂದಿದ್ದು ಎರಡನೆಯದೇ. ಸಹಜ ತಾನೇ? ಮೂಸುವುದೂ ಹತ್ತಿರವೇ, ಕಚ್ಚಾಡುವುದೂ ಹತ್ತಿರವೇ. ತುಂಬಿದ ಬಸ್ಸಿನಲ್ಲಿ ಭುಜಕ್ಕೆ ಭುಜ ಒತ್ತಿ ನಿಂತವರನ್ನೆಲ್ಲ ಬೀಗರೆಂದು ಯಾರೂ ಬರೆದುಕೊಳ್ಳುವುದಿಲ್ಲ.

ಯಂತ್ರ ಬಂದದ್ದು ಒಳ್ಳೆಯದೇ ಎಂಬುದು ನನ್ನ ನಿಲುವು, ಆದರೆ ವೇಗದ ಕಾರಣಕ್ಕಲ್ಲ. ಮುದುರಿ ಕೂರುವುದು ಎಂದರೇನು ಎಂದು ಹೇಳಿಕೊಡದೆ ಯಂತ್ರ ಎಣಿಸಲಾರದು: ಎಷ್ಟು ಅಂತರ, ಎಷ್ಟು ಸೆಕೆಂಡು, ಎಷ್ಟು ಚಲನೆಗೆ ವಿನಾಯಿತಿ? ವಿಡಿಯೊ ನೋಡುವವರ ಕಣ್ಣಲ್ಲಿ ಮಸುಕಾಗಿದ್ದ ತೀರ್ಮಾನ ಇಲ್ಲಿ ಅಂಕಿಯಾಗಿ ಹೊರಬರುತ್ತದೆ, ಬೇರೆಯವರು ಅದನ್ನು ಪ್ರಶ್ನಿಸಬಹುದು. ಕೆಡುಕು ಶುರುವಾಗುವುದು ಆ ಅಂಕಿ ತಂತ್ರಾಂಶದ ಸೆಟ್ಟಿಂಗಿನಲ್ಲಿ ಅಡಗಿ, ಫಲಿತಾಂಶ ಮಾತ್ರ 'ನಂಟು' ಎಂಬ ಹೆಸರು ಹೊತ್ತು ಪ್ರಬಂಧಕ್ಕೆ ಏರಿದಾಗ.

ಅಳತೆ ಬದಲಾದರೆ ಉತ್ತರವೂ ಬದಲಾದೀತು. ಇನ್ನೊಂದು ವೋಲ್‌ನ ಬಳಿ ಹೋಗಲು ಸನ್ನೆಕೋಲು ಒತ್ತಬೇಕು ಎಂಬ ಏರ್ಪಾಡಿನಲ್ಲಿ ಹೆಣ್ಣು ಪ್ರೇರಿ ವೋಲ್‌ಗಳು ಅಪರಿಚಿತರಿಗಿಂತ ಸಂಗಾತಿಗಾಗಿಯೇ ಹೆಚ್ಚು ದುಡಿದವು. ಗಂಡುಗಳು ಇಬ್ಬರಿಗೂ ಒತ್ತಿದವು; ಬಾಗಿಲು ತೆರೆದ ಮೇಲೆ ಮುದುರಿ ಕೂತದ್ದು ಮಾತ್ರ ಹೆಚ್ಚಾಗಿ ಸಂಗಾತಿಯ ಪಕ್ಕ. ಸನ್ನೆಕೋಲನ್ನಷ್ಟೇ ಎಣಿಸಿದ್ದರೆ ಗಂಡಿಗೆ ನಂಟೇ ಇಲ್ಲ ಎನ್ನಬೇಕಿತ್ತು.

ಅಳತೆಯ ಈ ಪ್ರಶ್ನೆಗೆ ತೂಕ ತಂದ ಸುದ್ದಿಯೊಂದು 2023ರಲ್ಲಿ ಬಂತು. ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಹಿಡಿಯುವ ಗ್ರಾಹಕವೇ ಇಲ್ಲದಂತೆ ಜೀನ್ ತಿದ್ದಿದ ಪ್ರೇರಿ ವೋಲ್‌ಗಳೂ ಜೋಡಿ ಕಟ್ಟಿದವು. ಆಕ್ಸಿಟೋಸಿನ್ ಇಲ್ಲದೆ ನಂಟಿಲ್ಲ ಎಂದು ದಶಕಗಳಿಂದ ನಂಬಿದವರಿಗೆ ಇದು ಕಸಿವಿಸಿ. ಔಷಧ ಕೊಟ್ಟು ಗ್ರಾಹಕವನ್ನು ತಡೆದ ಹಳೆಯ ಪ್ರಯೋಗಗಳ ಫಲವೇ ಬೇರೆಯಿತ್ತು. ಹುಟ್ಟುವ ಮೊದಲೇ ಗ್ರಾಹಕ ಇಲ್ಲವಾದರೆ ಮಿದುಳು ಬೇರೆ ದಾರಿ ಹಿಡಿಯುತ್ತದೆಯೇ? ಹಾಗೆ ಕಟ್ಟಿದ ಜೋಡಿ ಎಲ್ಲ ಬಗೆಯಲ್ಲೂ ಮಾಮೂಲಿನದೇ? ಇದನ್ನು ತೀರ್ಮಾನಿಸುವವರ ಕೈಗೆ 'ಒಲವು ಇದೆ' ಎಂಬ ಒಂದು ಅಂಕಿ ಕೊಟ್ಟರೆ ಸಾಲದು. ಮೂರು ಗಂಟೆಯ ದೃಶ್ಯವನ್ನೂ ತಂತ್ರಾಂಶಕ್ಕೆ ಕೊಟ್ಟ ಮಿತಿಗಳನ್ನೂ ಜೊತೆಗಿಟ್ಟು ಕೊಡಬೇಕು.