ಹೆಚ್ಚುಕಡಿಮೆಯ ಲೆಕ್ಕ

ವಿಜ್ಞಾನದ ಸುದ್ದಿ ಕನ್ನಡಕ್ಕೆ ಬರುವಾಗ ದಾರಿಯಲ್ಲಿ ಒಂದು ಸಂಖ್ಯೆ ಬಹುಮಟ್ಟಿಗೆ ಉದುರಿಹೋಗುತ್ತದೆ. ಅಳತೆಯ ಫಲ ಉಳಿಯುತ್ತದೆ. ಅದರ ಬೆನ್ನಿಗೆ ± ಚಿಹ್ನೆಯೊಡನೆ ಬರುವ ಎರಡನೆಯ ಅಂಕಿ ಕಾಣೆಯಾಗುತ್ತದೆ. ಓದುಗರಿಗೆ ಹೊರೆಯಾದೀತೆಂದು ನಾವು ಬಿಟ್ಟುಬಿಡುವ ಆ ಅಂಕಿಯೇ ಅಳತೆಯ ಪ್ರಾಮಾಣಿಕತೆಗೆ ಬಿದ್ದ ಸಹಿ ಎಂಬುದು ನನ್ನ ವಾದ. ಅಮೆರಿಕದ ‘ಗ್ರಾವಿಟಿ ಪ್ರೋಬ್ ಬಿ’ ಉಪಗ್ರಹದ ಕಥೆ ಇದಕ್ಕೆ ಸಾಕ್ಷಿ.

ಮೊಸರು ಕಡೆಯುವಾಗ ಕಡೆಗೋಲಿನ ಸುತ್ತಲಿನ ಮೊಸರೂ ಅದರೊಂದಿಗೆ ತಿರುಗುತ್ತದೆ. ದೂರ ಸರಿದಂತೆ ಆ ಸೆಳೆತ ಕುಗ್ಗುತ್ತದೆ. ತಿರುಗುವ ಭೂಮಿಯೂ ತನ್ನ ಸುತ್ತಲಿನ ದೇಶಕಾಲವನ್ನು ಹೀಗೆಯೇ ಕೊಂಚ ಎಳೆದೊಯ್ಯುತ್ತದೆ ಎಂಬ ಫಲಿತಾಂಶವನ್ನು ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತದಿಂದ 1918ರಲ್ಲಿ ಜೋಸೆಫ್ ಲೆನ್ಸ್ ಮತ್ತು ಹಾನ್ಸ್ ಥಿರ್ರಿಂಗ್ ಹೊರತೆಗೆದರು. ಚಲಿಸುವ ವಿದ್ಯುದಂಶ ಕಾಂತಕ್ಷೇತ್ರವನ್ನು ಹುಟ್ಟಿಸುವಂತೆ ಚಲಿಸುವ ದ್ರವ್ಯರಾಶಿ ಇದನ್ನು ಹುಟ್ಟಿಸುವುದರಿಂದ ಇದಕ್ಕೆ ಗುರುತ್ವಕಾಂತೀಯ ಪರಿಣಾಮವೆಂದು ಹೆಸರು.

ಇದನ್ನು ಅಳೆಯಲು ಬುಗುರಿ ಸಾಕು ಎಂದು 1960ರ ಸುಮಾರಿಗೆ ಸೂಚಿಸಿದವರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲಿಯೊನಾರ್ಡ್ ಶಿಫ್ ಒಬ್ಬರು. ಹೊರಗಿನ ಬಲವೇನೂ ತಾಗದಿದ್ದರೆ ತಿರುಗುವ ಬುಗುರಿಯ ಅಕ್ಷ ತನ್ನ ದಿಕ್ಕನ್ನು ಬಿಡುವುದಿಲ್ಲ; ಬಿಟ್ಟರೆ, ಬದಲಾದದ್ದು ದೇಶಕಾಲವೇ. ಆದರೆ ಆ ಬದಲಾವಣೆ ವರ್ಷಕ್ಕೆ 39.2 ಮಿಲಿ ಆರ್ಕ್‌ಸೆಕೆಂಡ್ ಮಾತ್ರ. ಈ ವೇಗದಲ್ಲಿ ಅಕ್ಷ ಒಂದು ಡಿಗ್ರಿ ವಾಲಬೇಕಾದರೆ ಸುಮಾರು 92,000 ವರ್ಷ ಬೇಕು.

ಉಪಗ್ರಹ ಹಾರಿದ್ದು 2004ರ ಏಪ್ರಿಲ್ 20ರಂದು. ಅದರೊಳಗೆ 38 ಮಿಲಿಮೀಟರ್ ವ್ಯಾಸದ ನಾಲ್ಕು ಸ್ಫಟಿಕಶಿಲೆಯ ಗೋಳಗಳಿದ್ದವು. ಅವನ್ನು ಭೂಮಿಯಷ್ಟು ಹಿಗ್ಗಿಸಿದರೂ ಉಬ್ಬುತಗ್ಗುಗಳು ಮೂರು ನಾಲ್ಕು ಮೀಟರನ್ನು ಮೀರುತ್ತಿರಲಿಲ್ಲ. ಅಷ್ಟು ನುಣ್ಣನೆಯ ದುಂಡು. ದ್ರವ ಹೀಲಿಯಮ್ ಅವನ್ನು ಪರಮಶೂನ್ಯಕ್ಕಿಂತ ಕೇವಲ 1.8 ಡಿಗ್ರಿ ಮೇಲಿರಿಸಿತ್ತು. ಐಎಂ ಪೆಗಾಸಿ ಎಂಬ ನಕ್ಷತ್ರಕ್ಕೆ ದೂರದರ್ಶಕವನ್ನು ನೆಟ್ಟು, 642 ಕಿಲೋಮೀಟರ್ ಎತ್ತರದಲ್ಲಿ ಧ್ರುವಗಳ ಮೇಲೆ ಸುತ್ತುತ್ತ, ಅದು ಸುಮಾರು ಒಂದು ವರ್ಷ ದತ್ತಾಂಶ ಕಳಿಸಿತು. ಶೇಕಡ ಒಂದರೊಳಗಿನ ನಿಖರತೆ ಅದರ ಗುರಿಯಾಗಿತ್ತು.

ಗೋಳಗಳು ಆಕಾರದಲ್ಲಿ ದುಂಡಗಿದ್ದವು, ವಿದ್ಯುತ್ತಿನ ಮಟ್ಟಿಗೆ ಹಾಗಿರಲಿಲ್ಲ. ಅವುಗಳ ನಿಯೋಬಿಯಂ ಲೇಪನದ ಮೇಲೆಯೂ ಗೂಡಿನ ಒಳಮೈಯಲ್ಲಿಯೂ ವಿದ್ಯುದ್ವಿಭವದ ಸಣ್ಣ ಸಣ್ಣ ತೇಪೆಗಳಿದ್ದವು. ಅವು ಒಂದನ್ನೊಂದು ಸೆಳೆದು ಅಕ್ಷವನ್ನು ತಿರುಚಿದವು. ಹುಡುಕುತ್ತಿದ್ದ ಸೂಕ್ಷ್ಮ ಚಲನೆ ಈ ತಿರುಚಿನಲ್ಲಿ ಮುಳುಗಿತು. ಅದನ್ನು ಗುರುತಿಸಿ, ಗಣಿತದಲ್ಲಿ ರೂಪಿಸಿ, ಕಳೆಯುವುದಕ್ಕೆ ಫ್ರಾನ್ಸಿಸ್ ಎವರಿಟ್‌ರ ತಂಡ ಐದು ವರ್ಷಗಳಿಗೂ ಹೆಚ್ಚು ಕಾಲ ದುಡಿಯಿತು. 2011ರಲ್ಲಿ ಹೊರಬಂದ ಉತ್ತರ: 37.2 ± 7.2. ಭೂಮಿಯ ದ್ರವ್ಯರಾಶಿಯಿಂದ ದೇಶಕಾಲ ಬಾಗುವ, ಇದಕ್ಕಿಂತ ಬಹಳ ದೊಡ್ಡದಾದ ಇನ್ನೊಂದು ಪರಿಣಾಮಕ್ಕೆ ಸಿದ್ಧಾಂತ ಹೇಳಿದ್ದು 6606.1, ಸಿಕ್ಕಿದ್ದು 6601.8 ± 18.3.

ಎರಡನೆಯ ಅಳತೆ ಸೊಗಸಾದದ್ದು. ಮೊದಲನೆಯದರಲ್ಲಿ ಅನಿಶ್ಚಿತತೆ ಶೇಕಡ 19. ‘ಐನ್‌ಸ್ಟೈನ್ ಮತ್ತೆ ಗೆದ್ದರು’ ಎಂದು ಬರೆದು ಮುಗಿಸಿದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಸುಮಾರು 75 ಕೋಟಿ ಡಾಲರ್ ವ್ಯರ್ಥವೆಂದು ಬರೆದರೂ ಅಷ್ಟೇ.

ಟೀಕಾಕಾರರ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಲೇಸರ್ ಕಿರಣವನ್ನು ಹಿಂದಿರುಗಿಸುವ ಲೇಜಿಯೋಸ್ ಉಪಗ್ರಹಗಳ ಕಕ್ಷೆಯಿಂದ ಇದೇ ಪರಿಣಾಮವನ್ನು ಶೇಕಡ ಹತ್ತರ ಅನಿಶ್ಚಿತತೆಯಲ್ಲಿ ಅಳೆದಿರುವುದಾಗಿ ಚುಫೊಲೀನಿ ಮತ್ತು ಪಾವ್ಲಿಸ್ 2004ರಲ್ಲೇ ಪ್ರಕಟಿಸಿದ್ದರು. 2008ರಲ್ಲಿ ನಾಸಾದ ಪರಿಶೀಲನಾ ಸಮಿತಿ ಮುಂದಿನ ನೆರವಿನ ಪಟ್ಟಿಯಲ್ಲಿ ಈ ಯೋಜನೆಯನ್ನು ಕೊನೆಗಿಟ್ಟಿತು. ಕೆಲಸ ಮುಗಿದದ್ದು ಖಾಸಗಿ ದಾನ ಮತ್ತು ಸೌದಿ ಅರೇಬಿಯಾದ ನೆರವಿನಿಂದ. ಸರ್ಕಾರಿ ನೌಕರನಾದ ನನಗೆ ಸಮಿತಿಯ ಪ್ರಶ್ನೆ ನ್ಯಾಯವೆಂದೇ ತೋರುತ್ತದೆ: ಸಾರ್ವಜನಿಕ ಹಣಕ್ಕೆ ಇನ್ನೆಷ್ಟು ಹೊಸ ತಿಳಿವು ಸಿಗುತ್ತದೆ? ಆದರೂ ಲೇಜಿಯೋಸ್ ಲೆಕ್ಕ ಭೂಮಿಯ ಗುರುತ್ವ ನಕ್ಷೆಯನ್ನು ಅವಲಂಬಿಸಿದೆ, ಬುಗುರಿಯ ದಾರಿ ಬೇರೆ. ಪರಸ್ಪರ ಪರಿಚಯವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಅದಕ್ಕೆ ತೂಕವಿದೆ. ಅದಕ್ಕಿಂತ ಮುಖ್ಯವಾಗಿ, ಹಣ ಸುರಿದು ಪಡೆದ ದತ್ತಾಂಶವನ್ನು ಅರ್ಥವಾಗದೆ ಕಪಾಟಿನಲ್ಲಿಡುವುದೇ ನಿಜವಾದ ದುಂದು. ಗುರಿ ತಪ್ಪಿದ್ದನ್ನು 7.2 ಎಂಬ ಅಂಕಿಯಲ್ಲಿ ಜಗತ್ತಿನ ಮುಂದಿಟ್ಟ ತಂಡ ತನ್ನ ಲೆಕ್ಕವನ್ನು ಸರಿಯಾಗಿ ಒಪ್ಪಿಸಿದೆ.

ಈ ಚಿಂತನೆ ನಮಗೆ ಪರಕೀಯವಲ್ಲ. ತಿರುಗುವ ಕಾಯಗಳ ಸುತ್ತ ಬುಗುರಿಯ ಅಕ್ಷ ವಾಲುವ ಬಗೆಯನ್ನು ಕುರಿತು 1993ರಲ್ಲಿ ಬಾಲ ಅಯ್ಯರ್ ಅವರೊಡನೆ ಮಹತ್ವದ ಪ್ರಬಂಧ ಬರೆದ ಸಿ. ವಿ. ವಿಶ್ವೇಶ್ವರ ಬೆಂಗಳೂರಿನವರು, ಕನ್ನಡ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ. ವಿಷಯ ನಮ್ಮ ಮನೆಯಂಗಳಕ್ಕೆ ಬಂದಿದೆ; ಅದನ್ನು ಹೇಳುವ ಮಾತು ಇನ್ನೂ ಅಳುಕುತ್ತಿದೆ.

ಇಂಗ್ಲಿಷಿನ ‘ಎರರ್’ ಪದದ ಲ್ಯಾಟಿನ್ ಮೂಲಕ್ಕೆ ಅಲೆದಾಟವೆಂಬ ಅರ್ಥವಿದೆ. ಅದನ್ನು ನಾವು ‘ದೋಷ’ವೆಂದು ಅನುವಾದಿಸಿಕೊಂಡೆವು. ಜಾತಕದಲ್ಲಿಯೂ ನಡತೆಯಲ್ಲಿಯೂ ದೋಷವೆಂದರೆ ಮುಚ್ಚಿಡಬೇಕಾದದ್ದು. ಹಾಗಾಗಿಯೇ ‘ದೋಷಮಿತಿ’ ನಮ್ಮ ಬರಹದಿಂದ ಮೆಲ್ಲಗೆ ಜಾರಿಕೊಳ್ಳುತ್ತದೆಯೋ ಏನೋ. ಆದರೆ ± ಚಿಹ್ನೆಯ ಅಕ್ಷರಶಃ ಕನ್ನಡ ನಮ್ಮ ಬಾಯಲ್ಲಿ ಮೊದಲೇ ಇದೆ: ಹೆಚ್ಚುಕಡಿಮೆ. ಅದರಲ್ಲಿ ಕಳಂಕದ ಸುಳಿವಿಲ್ಲ. ಇಷ್ಟು ಬಲ್ಲೆ, ಇದರಾಚೆ ಬಲ್ಲೆನೆನ್ನಲಾರೆ ಎಂಬ ವಿನಯವಿದೆ. ಈ ಸಡಿಲ ಮಾತಿಗೆ ಒಂದು ಅಂಕಿಯನ್ನು ಜೋಡಿಸಿದರೆ ಅದೇ ವಿಜ್ಞಾನದ ಮಾತಾಗುತ್ತದೆ. ‘ಮೂವತ್ತೇಳು, ಏಳರಷ್ಟು ಹೆಚ್ಚುಕಡಿಮೆ’ ಎಂದು ಬರೆಯಲು ಬೇಕಾಗುವುದು ಎರಡು ಪದಗಳಷ್ಟು ಜಾಗ. ವಿಜ್ಞಾನ ಬರೆಯುವ ನಮ್ಮವರು ಅಷ್ಟನ್ನು ಕೊಡಲಿ. ಓದುವ ನಾವು ಅದನ್ನು ಕೇಳಿ ಪಡೆಯೋಣ.